ಖಾಲಿ ಸಾಲುಗಳ ಅಡ್ರೆಸ್ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ದಿನದ ಮೊದಲ ಬಸ್ಸು ಮೂರು ಮಹಡಿಯ ಕಟ್ಟಡವೊಂದರ ಮುಂದೆ ನಿಲ್ಲುತ್ತದೆ. ಅದು ನಿಲ್ದಾಣವೇನಲ್ಲ, ನಿಲ್ಲುವುದೂ ಅರೆ ನಿಮಿಷ ಮಾತ್ರ. ಇಳಿಯುವವರು ಒಬ್ಬರೇ. ಐವತ್ತನಾಲ್ಕರ ಹೆಂಗಸು, ಭುಜಕ್ಕೆ ಬಟ್ಟೆಯ ಚೀಲ, ಕೈಯಲ್ಲಿ ಚಹಾದ ಫ್ಲಾಸ್ಕು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ "ಕನ್ನಡಕ?" ಎಂದು ಕೇಳುತ್ತಾರೆ. ಆಕೆ ಚೀಲ ತಡಕಿ "ಇದೆ, ಇದೆ, ನೀವು ಹೊರಡಿ" ಅನ್ನುತ್ತಾರೆ. ಡ್ರೈವರ್ ಆಕೆಯ ಗಂಡ. ಇಪ್ಪತ್ತಾರು ವರ್ಷದಿಂದ ಆ ಬಸ್ಸಿನ ಮೊದಲ ಪ್ರಯಾಣಿಕರು ಇವರೇ, ಅದರಲ್ಲಿ ಕನ್ನಡಕ ಮರೆತ ದಿನಗಳು ಹತ್ತಾರು.

ಕಟ್ಟಡದ ಎರಡನೇ ಮಹಡಿಯಲ್ಲಿ ಡೇಟಾಬೇಸ್ ತಂತ್ರಾಂಶ ತಯಾರಿಸುವ ಸಣ್ಣ ಕಂಪನಿಯೊಂದಿದೆ. ಅದರ ಕೊನೆಯ ಕೋಣೆ ಆಕೆಯದು. ಇರುವ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಯನ್ನು ನೋಡುತ್ತದೆ. ದೀಪ ಹಾಕಿ, ಚಪ್ಪಲಿ ಬಾಗಿಲ ಬಳಿ ಬಿಟ್ಟು, ಆಕೆ ನೇರ ಪ್ರಿಂಟರ್ ಹತ್ತಿರ ಹೋಗುತ್ತಾರೆ. ಅಲ್ಲಿ ಒಂದು ಹಾಳೆ ಕಾದಿರುತ್ತದೆ. ರಾತ್ರಿಯಿಡೀ ಯಂತ್ರ ತನ್ನಷ್ಟಕ್ಕೆ ಓದಿ ನೋಡಿದ ಅಂತರ್ಜಾಲ ವಿಳಾಸಗಳ ವರದಿ ಅದು. ಓದಿದ್ದು ನಲವತ್ತೊಂದು ಲಕ್ಷದ ಆರು ಸಾವಿರ. ತಲೆಬುಡ ತಿಳಿಯದೆ ಉಳಿದದ್ದು ಮೂವತ್ತೇಳು.

"ಇವತ್ತು ಮೂವತ್ತೇಳು ಮಕ್ಕಳು ಹಟ ಹಿಡಿದಿವೆ" ಎಂದು, ತಮ್ಮ ಬಗ್ಗೆ ಬರೆಯಲು ಬಂದ ನನ್ನ ಕಡೆ ನೋಡಿ ನಗುತ್ತಾರೆ. "ಹಟ ಮಾಡದೇ ಇರೋವನ್ನ ನಾನು ನೋಡೋದೇ ಇಲ್ಲ. ಪಾಪ, ಅವು ಒಳ್ಳೇವು, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ."

ಕಂಪನಿಯಲ್ಲಿ ಎಲ್ಲರಿಗೂ ಆಕೆ ಅಡ್ರೆಸ್ ಅಕ್ಕ. ಹೊಸದಾಗಿ ಬಂದ ಮ್ಯಾನೇಜರ್ ಮೊದಲ ವಾರ 'ಮೇಡಂ' ಎಂದು ಕರೆದು ನೋಡಿದರಂತೆ. ಯಾರೂ ತಿರುಗಲಿಲ್ಲ, ಆಕೆಯೂ ತಿರುಗಲಿಲ್ಲ. ಎರಡನೇ ವಾರದಿಂದ ಅವರೂ ಅಕ್ಕ ಎನ್ನತೊಡಗಿದರು.

ಅಕ್ಕನ ಕೆಲಸವನ್ನು ನನ್ನಂಥ ದಡ್ಡನಿಗೆ ಅರ್ಥ ಮಾಡಿಸಲು ಅವರಿಗೆ ಒಂದೂವರೆ ಲೋಟ ಚಹಾ ಖರ್ಚಾಯಿತು. ನನಗೆ ತಿಳಿದಷ್ಟು ಹೇಳುತ್ತೇನೆ. ಡೇಟಾಬೇಸ್ ಎಂದರೆ ದೊಡ್ಡ ಪಟ್ಟಿ, ಕೇಳಿದ್ದನ್ನು ಹುಡುಕಿ ಕೊಡುವ ಪಟ್ಟಿ. ಅದರೊಳಗೆ ಅಂತರ್ಜಾಲದ ವಿಳಾಸಗಳನ್ನು ತುಂಬಿದರೆ ಸಾಲದು. ಯಾವುದು ತಾಣದ ಹೆಸರು, ಯಾವುದು ಒಳಗಿನ ಪುಟದ ಹೆಸರು ಎಂದು ಬಿಡಿಸಿಡಬೇಕು. ಹಾಗೆ ಬಿಡಿಸುವ ಪುಟ್ಟ ಭಾಗವೊಂದು ತಂತ್ರಾಂಶದ ಒಳಗೆಲ್ಲೋ ಕೂತಿರುತ್ತದೆ. ಅದನ್ನು ಬರೆದದ್ದು, ಇಷ್ಟು ವರ್ಷ ಸಾಕಿದ್ದು ಅಕ್ಕ. ಹಿಂದೆಲ್ಲ ವಿಳಾಸಗಳಲ್ಲಿ ಬರುತ್ತಿದ್ದದ್ದು ಇಪ್ಪತ್ತಾರು ಇಂಗ್ಲಿಷ್ ಅಕ್ಷರ, ಹತ್ತು ಅಂಕಿ, ನಾಲ್ಕಾರು ಚಿಹ್ನೆ. ಅಷ್ಟು ತಿಳಿದಿದ್ದರೆ ಆಯಿತು. ಆಮೇಲೆ ಜಗತ್ತಿನ ಜನ ತಂತಮ್ಮ ಲಿಪಿಯಲ್ಲಿ ವಿಳಾಸ ಬರೆಯತೊಡಗಿದರು. ಅಕ್ಕನ ಕಷ್ಟ ಶುರುವಾದದ್ದು ಅಲ್ಲಿಂದ.

"ಒಂದೇ ವಿಳಾಸ ಎರಡು ವೇಷದಲ್ಲಿ ಬರತ್ತೆ" ಎಂದು ಅಕ್ಕ ಪೆನ್ಸಿಲಿನಿಂದ ತೋರಿಸುತ್ತಾರೆ. "ಇದು ಜನ ಬರೆಯೋ ವೇಷ, ಓದಿದ್ರೆ ಅರ್ಥ ಆಗತ್ತೆ. ಇದು ತಂತಿ ಮೇಲೆ ಓಡಾಡೋ ವೇಷ, ಬರೀ ಶೇಕಡಾ ಗುರುತು, ಅಂಕಿ, ಶೇಕಡಾ ಗುರುತು, ಅಂಕಿ. ನಮ್ಮ ಒಂದು ಅಕ್ಷರಕ್ಕೆ ಅಲ್ಲಿ ಒಂಬತ್ತು ಮನೆ ಬೇಕು. ಎರಡೂ ಒಂದೇ ಅಂತ ಯಂತ್ರಕ್ಕೆ ತಿಳಿಸಿ ಹೇಳಬೇಕು. ಇಲ್ಲಾಂದ್ರೆ ಒಬ್ಬರನ್ನೇ ಇಬ್ಬರು ಅಂತ ಎಣಿಸತ್ತೆ. ಅಥವಾ ಯಾರೂ ಇಲ್ಲ ಅನ್ನತ್ತೆ. ಅದು ಇನ್ನೂ ಕೆಟ್ಟದ್ದು."

ಆ ಕೊನೆಯ ಮಾತು ಹೇಳುವಾಗ ಅವರ ಕಣ್ಣು ಗೋಡೆಯ ಕಡೆ ಹೋಗುತ್ತದೆ. ಅಲ್ಲಿ ಹಳದಿಗಟ್ಟಿದ ಒಂದು ಹಾಳೆಯನ್ನು ನಾಲ್ಕು ಮೂಲೆಗೂ ಪಿನ್ನು ಚುಚ್ಚಿ ಹಾಕಿದ್ದಾರೆ. ಅದರಲ್ಲಿ ಹನ್ನೊಂದು ಸಾಲು ಪ್ರೋಗ್ರಾಮು. ನಾನು ಪ್ರಶಸ್ತಿಪತ್ರವೋ ಏನೋ ಎಂದುಕೊಂಡೆ. "ಅಲ್ಲಪ್ಪ, ಅದು ನನ್ನ ತಪ್ಪು. ಎದುರಿಗೇ ಇರಲಿ ಅಂತ ಹಾಕಿದೀನಿ" ಎಂದರು.

ಅಕ್ಕ ಹುಟ್ಟಿ ಬೆಳೆದದ್ದು ಲಾಂಡ್ರಿಯಲ್ಲಿ. ಅಪ್ಪ ಬೇಗ ತೀರಿಕೊಂಡರು. ಅಮ್ಮ ಬೀದಿ ಕೊನೆಯ ಒಂದು ಮಳಿಗೆಯಲ್ಲಿ ಬಟ್ಟೆ ಒಗೆದು, ಇಸ್ತ್ರಿ ಹಾಕಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದರು. ಪ್ರತಿ ಬಟ್ಟೆಗೂ ನಂಬರಿನ ಚೀಟಿ ಹೊಲಿಯುವುದು ದೊಡ್ಡ ಮಗಳ ಕೆಲಸ. ಒಗೆಯುವಾಗ ಕೆಲವು ಚೀಟಿಗಳು ಕಿತ್ತುಹೋಗುತ್ತಿದ್ದವು. ಯಾರದೆಂದು ತಿಳಿಯದ ಆ ಬಟ್ಟೆಗಳನ್ನು ಅಮ್ಮ ಇಸ್ತ್ರಿ ಮಾಡಿ, ಮಡಿಸಿ, ಒಂದು ಬೇರೆ ಹಲಗೆಯ ಮೇಲೆ ಇಡುತ್ತಿದ್ದರು. ವರ್ಷವಾದರೂ ಅಲ್ಲಿಂದ ಒಂದು ಕರ್ಚೀಫೂ ಆಚೆ ಹೋಗುವ ಹಾಗಿಲ್ಲ.

ಅಮ್ಮನಿಗೆ ಈಗ ಎಂಬತ್ತೆರಡು. ಲಾಂಡ್ರಿ ಮುಚ್ಚಿ ಹದಿನೈದು ವರ್ಷವಾಯಿತು. ಆದರೂ ನಾನು ಮನೆಗೆ ಹೋದಾಗ ಮಂಚದ ಮೇಲೆ ಕೂತು ಟವೆಲು ಮಡಿಸುತ್ತಿದ್ದರು. ಆ ಹಲಗೆಯ ವಿಷಯ ಕೇಳಿದೆ. "ಬಿಸಾಡೋಕೆ ನಂದಾ ಅದು?" ಎಂದು ನನ್ನನ್ನೇ ಗದರಿದರು. "ಯಾರದೋ ಒಬ್ಬರದು ಇದ್ದೇ ಇರತ್ತೆ. ನನಗೆ ಗೊತ್ತಿಲ್ಲ ಅಂದ್ರೆ ಅದು ಯಾರದೂ ಅಲ್ಲ ಅಂತಾನಾ?"

ಮಗಳು ಸಂಜೆ ಕಾಲೇಜಿನಲ್ಲಿ ಓದಿ, ಈ ಕಂಪನಿಗೆ ಗಿರಾಕಿಗಳ ವಿಳಾಸ ಟೈಪು ಮಾಡುವ ಕೆಲಸಕ್ಕೆ ಸೇರಿದರು. ಊಟದ ಬಿಡುವಿನಲ್ಲಿ ಹಿರಿಯರೊಬ್ಬರ ಪಕ್ಕ ಕೂತು ಪ್ರೋಗ್ರಾಮು ಬರೆಯಲು ಕಲಿತರು. ಮೂವತ್ತೆರಡನೇ ವಯಸ್ಸಿನಲ್ಲಿ ವಿಳಾಸ ಬಿಡಿಸುವ ಭಾಗವನ್ನು ಅವರ ಕೈಗೆ ಕೊಟ್ಟರು. ಗುರುತಿಲ್ಲದ ಅಕ್ಷರ ಬಂದಾಗಲೆಲ್ಲ ಯಂತ್ರ 'ತಪ್ಪಿದೆ' ಎಂದು ಕೂಗಿ ನಿಂತುಬಿಡುತ್ತಿತ್ತು. ಗಿರಾಕಿಗಳು ಗೊಣಗಿದರು. ಯಾರಿಗೂ ತೊಂದರೆ ಆಗದ ಹಾಗೆ ಏನಾದರೂ ಮಾಡಿ ಎಂದು ಮೇಲಿನವರು ಹೇಳಿದರು. ಅಕ್ಕ ಹನ್ನೊಂದು ಸಾಲು ಬರೆದರು. ಅಂದಿನಿಂದ, ಗೊತ್ತಿಲ್ಲದ ಅಕ್ಷರ ಕಂಡರೆ ಯಂತ್ರ ಕೂಗುವುದಿಲ್ಲ, ನಿಲ್ಲುವುದಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ಸದ್ದಿಲ್ಲದೆ ಮುಂದೆ ಹೋಗುತ್ತದೆ.

"ಎಲ್ಲರೂ ಬೆನ್ನು ತಟ್ಟಿದ್ರು" ಎನ್ನುತ್ತಾರೆ ಅಕ್ಕ. "ನಾನೂ ಉಬ್ಬಿಹೋದೆ. ದೂರು ನಿಂತುಹೋಯ್ತಲ್ಲ! ದೂರು ನಿಂತದ್ದು ಕೆಲಸ ಸರಿಹೋಗಿ ಅಲ್ಲ, ನಾನು ಅದರ ಬಾಯಿ ಮುಚ್ಚಿಸಿ ಅಂತ ತಿಳಿಯೋಕೆ ಹದಿಮೂರು ವರ್ಷ ಬೇಕಾಯ್ತು. ಲಾಂಡ್ರಿಯಲ್ಲಿ ಬೆಳೆದೋಳು ನಾನು. ಚೀಟಿ ಇಲ್ಲ ಅಂತ ಬಟ್ಟೇನೇ ಬಿಸಾಡಿದ್ದೆ."

ಒಂಬತ್ತು ವರ್ಷದ ಹಿಂದೆ ಆ ಹನ್ನೊಂದು ಸಾಲು ಕಿತ್ತುಹಾಕಿ ಇಡೀ ಭಾಗವನ್ನು ಮತ್ತೆ ಬರೆದರು. ಈಗ ಅರ್ಥವಾಗದ ವಿಳಾಸವನ್ನು ಯಂತ್ರ ಬಂದ ಹಾಗೇ ಎತ್ತಿ ಒಂದು ಬದಿಗೆ ಇಡುತ್ತದೆ. ಆ ಜಾಗಕ್ಕೆ ಪ್ರೋಗ್ರಾಮಿನಲ್ಲೂ ಅಕ್ಕ ಇಟ್ಟ ಹೆಸರು 'ಹಲಗೆ'. ಬೆಳಗಿನ ಹಾಳೆಯ ಮೂವತ್ತೇಳು ಬರುವುದು ಅಲ್ಲಿಂದಲೇ. ಒಂದೊಂದನ್ನೂ ಅವರು ಕೈಯಾರೆ ತೆರೆದು, ಅದು ಯಾವ ಊರ ಮಾತು, ಯಾರ ಪುಟ ಎಂದು ನೋಡಿ, ಯಂತ್ರಕ್ಕೆ ಪಾಠ ಹೇಳುತ್ತಾರೆ. ಮೊನ್ನೆ ಒಂದು ವಿಳಾಸ ಯಾವುದೋ ದೂರದ ದೇಶದ ಛತ್ರಿ ರಿಪೇರಿ ಅಂಗಡಿಯದಾಗಿತ್ತಂತೆ. ಭಾಷೆ ಒಂದಕ್ಷರ ಬಾರದಿದ್ದರೂ ಅಲ್ಲಿನ ಛತ್ರಿಗಳನ್ನೆಲ್ಲ ನೋಡಿ ಬಂದರಂತೆ.

ಆದರೆ ಹಳೆಯ ತಂತ್ರಾಂಶವನ್ನೇ ಇಟ್ಟುಕೊಂಡ ಗಿರಾಕಿಗಳು ಇನ್ನೂ ಇದ್ದಾರೆ. ಅಲ್ಲೆಲ್ಲ ಆ ಹನ್ನೊಂದು ಸಾಲು ಇಂದಿಗೂ ತಣ್ಣಗೆ ಕೆಲಸ ಮಾಡುತ್ತಿದೆ. ನಾನು ಹೋದ ಬುಧವಾರ ಅಕ್ಕನ ಮೇಜಿನ ಮೇಲೆ ಅಂಥದೊಂದು ಕಡೆಯಿಂದ ಬಂದ ಪತ್ರವಿತ್ತು. ಕೈಬರಹದ ಪತ್ರ. ನಾಲ್ಕು ಮೇಜು ದಾಟಿ, ಯಾರಿಗೂ ಬೇಡವಾಗಿ, ಹಿಂದಿನ ಸಂಜೆಯಷ್ಟೇ ಅಕ್ಕನ ಬಳಿ ಬಂದಿತ್ತು. ಬರೆದವರು ಎಪ್ಪತ್ತಮೂರು ವರ್ಷದ ಗಡಿಯಾರ ರಿಪೇರಿಯವರು.

"ನನ್ನ ಹೆಂಡತಿ ಲೈಬ್ರರಿಯಲ್ಲಿ ಕಣ್ಣು ಕಾಣದವರಿಗೋಸ್ಕರ ಪುಸ್ತಕ ಓದಿ ಧ್ವನಿ ತುಂಬುತ್ತಿದ್ದಳು. ಒಂಬತ್ತು ವರ್ಷ, ಮುನ್ನೂರ ಹದಿನೆಂಟು ಸಲ. ಅವಳು ಹೋಗಿ ಏಳು ವರ್ಷವಾಯಿತು. ಪಟ್ಟಿಯಲ್ಲಿ ಅವಳ ಸಾಲುಗಳೆಲ್ಲ ಖಾಲಿ ಇವೆ, ಒಳಗೂ ಏನೂ ಇರಲಿಕ್ಕಿಲ್ಲ, ಈ ಶನಿವಾರ ಅಳಿಸುತ್ತೇವೆ ಅನ್ನುತ್ತಾರೆ. ನಿಮ್ಮ ಕಂಪನಿಯ ಪಟ್ಟಿಯಂತೆ, ಅದಕ್ಕೆ ಬರೆಯುತ್ತಿದ್ದೇನೆ. ಖಾಲಿ ಅಲ್ಲ ಸ್ವಾಮಿ. ನಾನು ಪಕ್ಕದಲ್ಲೇ ಕೂತಿದ್ದೆ."

ಅಕ್ಕ ಆ ಪತ್ರವನ್ನು ನನ್ನ ಕೈಗೆ ಕೊಟ್ಟು, ನಾನು ಓದಿ ಮುಗಿಸುವವರೆಗೆ ಪೆನ್ಸಿಲು ಚೂಪು ಮಾಡುತ್ತ ಕೂತರು. ಆಮೇಲೆ ಲೈಬ್ರರಿಗೆ ಫೋನ್ ಮಾಡಿದರು. ಅಲ್ಲಿನ ಗುಮಾಸ್ತೆ ಕೆಟ್ಟವರೇನಲ್ಲ, ನಿಯಮ ಬಿಟ್ಟು ಒಂದು ಹೆಜ್ಜೆ ಆಚೀಚೆ ಇಡದವರು, ಅಷ್ಟೆ.

"ಮುನ್ನೂರ ಹತ್ತೊಂಬತ್ತು ಸಾಲು ಖಾಲಿ ಇವೆ ಮೇಡಂ. ವಿಳಾಸ ಇಲ್ಲ, ಹೆಸರಿಲ್ಲ. ಹೊಸ ಯಂತ್ರಕ್ಕೆ ವಿಳಾಸ ಇರೋವು ಮಾತ್ರ ಹೋಗ್ತವೆ. ಹಳೇದನ್ನ ಶನಿವಾರ ಹನ್ನೆರಡು ಗಂಟೆಗೆ ಒರೆಸಿ ವಾಪಸ್ ಕೊಡಬೇಕು."

"ಒಂದು ಪ್ರತಿ ತೆಗೆದು ಇಟ್ಕೊಳ್ಳೋಕೆ ಆಗಲ್ವಾ?"

"ಅದಕ್ಕೆ ಸಮಿತಿ ಒಪ್ಪಬೇಕು. ಸಮಿತಿ ಎರಡು ತಿಂಗಳಿಗೊಮ್ಮೆ ಸೇರತ್ತೆ. ಹೋದ ವಾರ ತಾನೇ ಸೇರಿತ್ತು."

"ಒಂದನ್ನಾದ್ರೂ ಕೇಳಿ ನೋಡಿದೀರಾ?"

"ಕೇಳೋದು ಹೇಗೆ ಮೇಡಂ? ಈ ಯಂತ್ರ ವಿಳಾಸ ಕೊಟ್ಟರೆ ಮಾತ್ರ ಧ್ವನಿ ಹೊರಡಿಸೋದು."

ಫೋನ್ ಇಟ್ಟ ಅಕ್ಕ ಮೊದಲು ಬರೆದುಕೊಂಡದ್ದು ಒಂದು ಅಂಕಿ. ಪತ್ರದ ಅಜ್ಜ ಹೇಳಿದ್ದು ಮುನ್ನೂರ ಹದಿನೆಂಟು, ಪಟ್ಟಿಯಲ್ಲಿ ಮುನ್ನೂರ ಹತ್ತೊಂಬತ್ತು. ಒಂದು ಹೆಚ್ಚು. ಅದರ ಕೆಳಗೆ ಗೆರೆ ಎಳೆದು ಇಟ್ಟರು.

ಗುರುವಾರ ಅಕ್ಕ ರಜೆ ಹಾಕಿ ಗಡಿಯಾರದ ಅಂಗಡಿಗೆ ಹೊರಟರು, ನಾನು ಬಾಲದ ಹಾಗೆ ಹಿಂದೆ. ಮೆಟ್ಟಿಲ ಕೆಳಗಿನ ಅಂಗಡಿ ಅದು. ಇಬ್ಬರು ಕೂತರೆ ಮೂರನೆಯವನು ನಿಲ್ಲಬೇಕು. ಗೋಡೆ ತುಂಬ ಗಡಿಯಾರಗಳು, ಎಲ್ಲದರಲ್ಲೂ ಸಮಯ ಒಂದೇ. ಗಡಿಯಾರದಜ್ಜ ಕಣ್ಣಿಗೆ ಕಚ್ಚಿಸಿಕೊಂಡಿದ್ದ ಮಸೂರ ತೆಗೆದು ನಮ್ಮನ್ನು ನೋಡಿದರು. ಅಕ್ಕ ಕೂರಲಿಲ್ಲ.

"ಅಜ್ಜ, ನಿಮ್ಮ ಪತ್ರ ನನಗೆ ಸಿಕ್ತು. ಆ ಸಾಲುಗಳನ್ನ ಖಾಲಿ ಮಾಡಿದ್ದು ಲೈಬ್ರರಿಯವರಲ್ಲ. ನಾನು. ತುಂಬಾ ಹಿಂದೆ ನಾನು ಬರೆದದ್ದು ಹಾಗೆ ಮಾಡ್ತು."

ಅಜ್ಜ ಮಸೂರವನ್ನು ಮೇಜಿನ ಮೇಲಿಟ್ಟರು. "ಆರು ವರ್ಷ ಆಯ್ತಮ್ಮ. ಆರು ವರ್ಷದಿಂದ ಅಲ್ಲಿಗೆ ಅಲೆದು ಅಲೆದು ಚಪ್ಪಲಿ ಸವೆಸಿದೀನಿ. ಖಾಲಿ, ಖಾಲಿ ಅಂತಾರೆ. ನನಗೇ ಅರಳುಮರಳು ಅಂದ್ಕೊಂಡಿದಾರೆ ಅಲ್ಲಿನ ಕೆಲವರು."

"ಗೊತ್ತು ಅಜ್ಜ. ತಪ್ಪಾಯ್ತು."

ಅವರು ಎದ್ದು ಅಂಗಡಿಯ ಬಾಗಿಲನ್ನು ಅರ್ಧ ಎಳೆದರು. ನಮ್ಮನ್ನು ಹೊರಗೆ ಹಾಕುತ್ತಾರೆಂದೇ ನಾನು ಎಣಿಸಿದ್ದು. ಅಜ್ಜ ಕಪಾಟಿನಿಂದ ಉದ್ದನೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಸ್ಟೂಲು ಒರೆಸಿ ಅಕ್ಕನ ಕಡೆ ತಳ್ಳಿದರು. "ಕೂತ್ಕೊಳ್ಳಿ. ಶನಿವಾರಕ್ಕೆ ಇನ್ನು ಎರಡೇ ದಿನ."

ನೋಟ್‌ಬುಕ್ಕಿನಲ್ಲಿ ಮುನ್ನೂರ ಹದಿನೆಂಟು ಸಾಲು. ಒಂದೊಂದರಲ್ಲೂ ಪುಸ್ತಕದ ಹೆಸರು, ಅಧ್ಯಾಯ, ಪೂರ್ತಿ ವಿಳಾಸ, ಕೊನೆಯಲ್ಲಿ ಓದಲು ಹಿಡಿದ ಸಮಯ. ನಿಮಿಷ, ಸೆಕೆಂಡಿನ ಸಮೇತ. 'ಉಪ್ಪಿನ ಹಡಗು, ಏಳನೇ ಅಧ್ಯಾಯ, ಇಪ್ಪತ್ತೆರಡು ನಿಮಿಷ ಹದಿನಾಲ್ಕು ಸೆಕೆಂಡು.' ಉಳಿದ ಓದುಗರೆಲ್ಲ ತಮ್ಮ ಧ್ವನಿಗೆ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ವಿಳಾಸ ಕೊಟ್ಟಿದ್ದರು. ಅಜ್ಜನ ಹೆಂಡತಿ ಒಬ್ಬರೇ ಹಟ ಹಿಡಿದು ತಮ್ಮ ಭಾಷೆಯ ಲಿಪಿಯಲ್ಲಿ ಬರೆಸಿದ್ದು.

"ಕೇಳೋರಿಗೆ ಕಣ್ಣು ಕಾಣಲ್ಲ ನೋಡಿ" ಎಂದರು ಅಜ್ಜ. "ಅವರ ಕಂಪ್ಯೂಟರ್ ವಿಳಾಸಾನ ಗಟ್ಟಿಯಾಗಿ ಓದಿ ಹೇಳತ್ತೆ. ನಮ್ಮ ಮಾತಲ್ಲಿದ್ರೆ ಯಾವ ಪುಸ್ತಕ, ಯಾವ ಅಧ್ಯಾಯ ಅಂತ ಕಿವಿಗೆ ಗೊತ್ತಾಗತ್ತೆ. ಅಂಕಿ ಓದಿದ್ರೆ ಅವರಿಗೆ ಏನು ತಿಳಿಯತ್ತೆ, ಅಂತಿದ್ಲು. ಅದಕ್ಕೇ ಅವಳು ಶುರುವಲ್ಲಿ ಪುಸ್ತಕದ ಹೆಸರನ್ನೂ ಹೇಳ್ತಿರಲಿಲ್ಲ. ನೇರ ಕಥೆಗೇ ಇಳಿಯೋಳು."

ವಿಳಾಸಗಳೇನೋ ನೋಟ್‌ಬುಕ್ಕಿನಲ್ಲಿ ಸಿಕ್ಕವು. ಆದರೆ ಯಂತ್ರದ ಯಾವ ಧ್ವನಿಗೆ ಯಾವ ವಿಳಾಸ? ಆರು ವರ್ಷದ ಹಿಂದೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವಾಗಲೇ ಆ ವಿಳಾಸಗಳು ಖಾಲಿಯಾಗಿ, ಕ್ರಮಸಂಖ್ಯೆಗಳೂ ಕಲೆಸಿಹೋಗಿದ್ದವು. ಗುಮಾಸ್ತೆ ಕಳಿಸಿದ ಪಟ್ಟಿಯಲ್ಲಿ ಖಾಲಿ ಸಾಲುಗಳ ಮುಂದೆ ಉಳಿದಿದ್ದದ್ದು ಒಂದೇ ವಿವರ, ಆ ಧ್ವನಿ ಎಷ್ಟು ಹೊತ್ತಿನದು ಎಂಬುದು. ಅಜ್ಜನ ಹತ್ತಿರವೂ ಅದೇ ಇದೆ! ನನಗೆ ಹೋದ ಜೀವ ಬಂದಂತಾಯಿತು. ಅಕ್ಕ ನನ್ನನ್ನೂ ಕೆಲಸಕ್ಕೆ ಹಚ್ಚಿದರು. ನಾನು ಗಟ್ಟಿಯಾಗಿ ಓದುವುದು, ಅವರು ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುವುದು. ಹಳೆಯ ಟೈಪಿಸ್ಟು, ಬೆರಳುಗಳು ಒಮ್ಮೆಯೂ ತಡವರಿಸಲಿಲ್ಲ. ಸಂಜೆ ಆರಕ್ಕೆ ಮುನ್ನೂರ ಹದಿನೆಂಟೂ ಮುಗಿದವು. ಅಕ್ಕ ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದರು.

ಐದಾರು ಹೊಂದಿದ ಹಾಗೆ ಕಂಡವು, ಅವೂ ಅನುಮಾನದವೇ. ಉಳಿದ ಮುನ್ನೂರು ಚಿಲ್ಲರೆ ಯಾವುದೂ ತಾಳೆಯಾಗಲಿಲ್ಲ.

"ನನ್ನ ಗಡಿಯಾರ ತಪ್ಪಲ್ಲ" ಎಂದರು ಅಜ್ಜ, ಸ್ವಲ್ಪ ಸಿಟ್ಟಿನಲ್ಲೇ. ಅಕ್ಕ ವಾದಕ್ಕೆ ಹೋಗಲಿಲ್ಲ. ಪಟ್ಟಿ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಮನೆಯ ಹತ್ತಿರ ಬಸ್ಸಿಳಿಯುವಾಗ, "ಒಂದು ಖಾಲಿ ಜಾಗ ಎಷ್ಟು ಜನರನ್ನ ಸಾಯಿಸತ್ತೆ ನೋಡಿ" ಎಂದರು. ಅಷ್ಟು ಸೋತ ಮುಖವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಶುಕ್ರವಾರ ಬೆಳಗ್ಗೆ ಐದೂ ಮುಕ್ಕಾಲಕ್ಕೆ ಮತ್ತೆ ಅದೇ ಕೋಣೆ. ಅಕ್ಕ ಅಂದು ಪ್ರಿಂಟರಿನ ಹಾಳೆಯನ್ನು ಮುಟ್ಟಲೇ ಇಲ್ಲ. ಅಜ್ಜನ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಓದು ಯಾವುದು? ನಲವತ್ತೊಂದು ನಿಮಿಷ ಮೂವತ್ತು ಸೆಕೆಂಡು. ಯಂತ್ರದ ಪಟ್ಟಿಯಲ್ಲಿ? ನಲವತ್ತೊಂದು ನಿಮಿಷ ಇಪ್ಪತ್ತನಾಲ್ಕು. ಎರಡನೆಯದು? ಮೂವತ್ತೆಂಟು ನಿಮಿಷ ಐವತ್ತೆರಡು. ಯಂತ್ರದಲ್ಲಿ ಮೂವತ್ತೆಂಟು ನಿಮಿಷ ನಲವತ್ತಾರು. ಅಕ್ಕನ ಪೆನ್ಸಿಲು ಗಾಳಿಯಲ್ಲೇ ನಿಂತಿತು. ಮೂರನೆಯದಕ್ಕೂ ಆರು. ನಾಲ್ಕನೆಯದಕ್ಕೂ ಆರು.

ಆರೂವರೆಗೆ ಅಂಗಡಿಯ ಮೇಲಿನ ಮನೆಗೆ ಫೋನ್ ಮಾಡಿದರು. "ಅಜ್ಜ, ನಿಮ್ಮನೆ ಅಮ್ಮ ಓದಿ ಮುಗಿಸಿದ ತಕ್ಷಣ ನೀವು ಗಡಿಯಾರ ನಿಲ್ಲಿಸ್ತಿದ್ರಾ?"

ಅಜ್ಜನ ಉತ್ತರದಲ್ಲಿ ನಾಚಿಕೆಯಿತ್ತು. "ತಕ್ಷಣ ಅಲ್ಲಮ್ಮ. ಅವಳು ಯಂತ್ರದ ಗುಂಡಿ ಒತ್ತೋಳು. ಕಿವಿಯಿಂದ ಅದನ್ನ ತೆಗೆದು, ಅದರ ವೈರ್ ಸುತ್ತಿ ಇಟ್ಟು, ನನ್ನ ಕಡೆ ತಿರುಗಿ ಎಷ್ಟಾಯ್ತು ಅನ್ನೋಳು. ಆಗ ನಾನು ನಿಲ್ಲಿಸ್ತಿದ್ದೆ."

"ಪ್ರತಿ ಸಲಾನೂ?"

"ಪ್ರತಿ ಸಲ. ಅವಳು ಕೇಳದೆ ಹೇಗೆ ನಿಲ್ಲಿಸಲಿ?"

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸಿದ್ದು ಕನ್ನಡಕವನ್ನೇನೂ ಅಲ್ಲ. ಒಂಬತ್ತು ವರ್ಷ, ಮುನ್ನೂರ ಹದಿನೆಂಟು ಸಲ, ತಿರುಗಿ ಕೇಳಲು ಅದೇ ಆರು ಸೆಕೆಂಡು. ಗಡಿಯಾರದವರ ಹೆಂಡತಿಯಲ್ಲವೇ ಎಂದು ಆಮೇಲೆ ಇಬ್ಬರೂ ನಕ್ಕೆವು. ಪ್ರತಿ ಸಾಲಿನಿಂದಲೂ ಆರು ಕಳೆದದ್ದೇ ತಡ, ಎರಡು ಪಟ್ಟಿಗಳೂ ಒಂದರ ಮುಂದೆ ಒಂದು ಬಂದು ಕೂತವು.

ಶುಕ್ರವಾರ ಮಧ್ಯಾಹ್ನವೇ ಅಕ್ಕ ಲೈಬ್ರರಿಗೆ ಹೋಗಿ ಹಳೆಯ ತಂತ್ರಾಂಶ ತೆಗೆದು ಹೊಸದನ್ನು ಹಾಕಿದರು. ಶನಿವಾರ ಬೆಳಗ್ಗೆ ವಿಳಾಸಗಳನ್ನು ತುಂಬಿಸಿದಾಗ ಒಂದೂ ಖಾಲಿಯಾಗಲಿಲ್ಲ. ಎಷ್ಟೋ ಓದುಗಳು ಸರಿಯಾಗಿ ಒಂದೇ ಅಳತೆಯವಾಗಿದ್ದವು, ಯಾವುದು ಯಾವುದೆಂದು ಕೇಳಿಯೇ ತಿಳಿಯಬೇಕು. ಅಜ್ಜನಿಗೆ ಕಥೆಗಳು ನೆನಪಿಲ್ಲ. "ನಾನೆಲ್ಲಿ ಕಥೆ ಕೇಳ್ತಿದ್ದೆ? ಅವಳನ್ನ ನೋಡ್ತಾ ಕೂತಿರ್ತಿದ್ದೆ" ಎಂದು ತಲೆ ಕೆರೆದುಕೊಂಡರು. ಆಗ ಎದ್ದವರು ಗುಮಾಸ್ತೆ. ಕಪಾಟುಗಳಿಂದ ಪುಸ್ತಕಗಳನ್ನು ಹೊತ್ತು ತಂದು, ಮೊದಲ ಸಾಲು ಕೇಳಿ, ಪುಟ ತಿರುವಿ, "ಇದು ಏಳನೇ ಅಧ್ಯಾಯ, ಅದಲುಬದಲು ಮಾಡಿ" ಎನ್ನುತ್ತ ಹೋದರು. ಮೊದಲ ಸಲ ಆ ಧ್ವನಿ ಕೋಣೆಯಲ್ಲಿ ಕೇಳಿಸಿದಾಗ ಅಜ್ಜ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದರು. ಎರಡನೇ ಸಲಕ್ಕೆ ಕಣ್ಣು ಮುಚ್ಚಿದರು. ಹತ್ತನೆಯದರ ಹೊತ್ತಿಗೆ ಮುಗುಳ್ನಗುತ್ತಿದ್ದರು.

ಹನ್ನೊಂದೂ ನಲವತ್ತಕ್ಕೆ ಮುನ್ನೂರ ಹದಿನೆಂಟೂ ಮುಗಿದವು. ಉಳಿದದ್ದು ಒಂದು, ಅಕ್ಕ ಬುಧವಾರವೇ ಗೆರೆ ಎಳೆದು ಇಟ್ಟಿದ್ದ ಹೆಚ್ಚಿನ ಸಾಲು. ನೋಟ್‌ಬುಕ್ಕಿನಲ್ಲಿ ಅದಿಲ್ಲ. ಅದರ ಅಳತೆ ಬರೀ ಹನ್ನೊಂದು ಸೆಕೆಂಡು.

"ಇದು ಮಾತ್ರ ನಿಜವಾಗಲೂ ಪ್ರಯೋಗಕ್ಕೆ ಮಾಡಿದ್ದು ಇರಬೇಕು, ಬಿಟ್ಟುಬಿಡಿ" ಎಂದರು ಗುಮಾಸ್ತೆ, ಗಡಿಯಾರ ನೋಡುತ್ತ.

"ಇರಬಹುದು" ಎಂದರು ಅಕ್ಕ. "ಆದ್ರೆ ನಮಗೆ ಗೊತ್ತಿಲ್ಲವಲ್ಲ." ವಿಳಾಸವಿಲ್ಲದೆ ಯಂತ್ರ ಧ್ವನಿ ಹೊರಡಿಸುವುದಿಲ್ಲ. ಹಾಗಾಗಿ ಪುಟದ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದೇ ಬರೆದು ಗುಂಡಿ ಒತ್ತಿದರು.

ಮೊದಲು ಬಂದದ್ದು ವೈರ್ ಸುತ್ತುವ ಸರಪರ ಸದ್ದು. ಆಮೇಲೆ ಕುರ್ಚಿ ತಿರುಗಿದ ಕಿರ್ ಸದ್ದು. ಎದುರಿಗೇ ಕೂತು ಮಾತಾಡಿದ ಹಾಗೆ ಹೆಂಗಸಿನ ದನಿ: "ಎಷ್ಟಾಯ್ತು?"

"ಹದಿನೆಂಟು ನಿಮಿಷ ನಲವತ್ತು." ಇದು ಅಜ್ಜನದೇ ದನಿ, ಈಗಿನದಕ್ಕಿಂತ ಗಟ್ಟಿ.

"ನೀರು ಕೊಡಿ. ಇನ್ನೊಂದು ಓದ್ತೀನಿ."

ಅಷ್ಟೇ, ಮುಗಿಯಿತು. ಯಾವತ್ತೋ ಒಂದು ದಿನ ಆಕೆ ಗುಂಡಿಯನ್ನು ಎರಡು ಸಲ ಒತ್ತಿರಬೇಕು. ನಿಂತ ಯಂತ್ರ ಮತ್ತೆ ಶುರುವಾಗಿರಬೇಕು. ಅಜ್ಜನ ಕೈ ತಾನಾಗಿಯೇ ಮುಂದೆ ಚಾಚಿ, ಮೇಜಿನ ಮೇಲಿದ್ದ ನೀರಿನ ಲೋಟವನ್ನು ಎತ್ತಿಕೊಂಡಿತ್ತು. ಕೊಡಲು ಎದುರಿಗೆ ಯಾರೂ ಇಲ್ಲವೆಂದು ಅವರಿಗೆ ತಿಳಿಯುವಷ್ಟರಲ್ಲಿ ಅಕ್ಕ ಎದ್ದು, ಎರಡೂ ಕೈಯಲ್ಲಿ ಆ ಲೋಟ ಇಸಿದುಕೊಂಡು, ಒಂದು ಗುಟುಕು ಕುಡಿದರು. ನಾನು ಕಿಟಕಿಯ ಕಡೆ ತಿರುಗಿದೆ. ಗುಮಾಸ್ತೆ ಜೋಡಿಸಿಟ್ಟ ಪುಸ್ತಕಗಳನ್ನೇ ಮತ್ತೆ ಜೋಡಿಸಿದರು.

"ಇದಕ್ಕೆ ಏನಂತ ಹೆಸರು ಇಡೋಣ ಅಜ್ಜ?" ಎಂದು ಅಕ್ಕ ಮೆಲ್ಲಗೆ ಕೇಳಿದರು.

"ಎಷ್ಟಾಯ್ತು, ಅಂತಾನೇ ಬರೀರಿ" ಎಂದರು ಅಜ್ಜ. "ಪ್ರಶ್ನೆ ಚಿಹ್ನೆ ಹಾಕಿ."

"ಪ್ರಶ್ನೆ ಚಿಹ್ನೆ ಬೇಡ ಅಜ್ಜ. ಅದು ಕಂಡ್ರೆ ಪುಟದ ಹೆಸರು ಅಲ್ಲಿಗೇ ಮುಗೀತು ಅಂದ್ಕೊಳ್ಳತ್ತೆ ಈ ಯಂತ್ರ."

"ಮುಗೀಬಾರದು, ಹಾಗಾದ್ರೆ ಬೇಡ" ಎಂದು ಅಜ್ಜ ತಟ್ಟನೆ ಒಪ್ಪಿದರು. ಹನ್ನೊಂದೂ ಐವತ್ತೆರಡಕ್ಕೆ ಮುನ್ನೂರ ಹತ್ತೊಂಬತ್ತು ಸಾಲುಗಳೂ ಹೊಸ ಯಂತ್ರ ಸೇರಿದವು. ಗುಮಾಸ್ತೆ ತಮ್ಮ ವರದಿಯಲ್ಲಿ 'ಖಾಲಿ ಸಾಲುಗಳು: ಇಲ್ಲ' ಎಂದು ಬರೆದು, ಅದನ್ನು ಅಜ್ಜನಿಗೆ ತೋರಿಸಿ, ಆಮೇಲೆ ಸಹಿ ಹಾಕಿದರು.

ಸೋಮವಾರ ಬೆಳಗ್ಗೆ ನಾನು ಕೊನೆಯ ಸಲ ಅಕ್ಕನ ಕೋಣೆಗೆ ಹೋಗುತ್ತೇನೆ. ಬಸ್ಸು ನಿಲ್ಲುತ್ತದೆ, ಕನ್ನಡಕದ ವಿಚಾರಣೆ ನಡೆಯುತ್ತದೆ, ಆ ದಿನ ಕನ್ನಡಕ ನಿಜಕ್ಕೂ ಮನೆಯಲ್ಲೇ ಉಳಿದಿರುತ್ತದೆ. ಡ್ರೈವರ್ ತಮ್ಮ ಜೇಬಿನಿಂದ ಇನ್ನೊಂದು ಕನ್ನಡಕ ತೆಗೆದು ಕೊಟ್ಟು ಹೊರಡುತ್ತಾರೆ. ಗೋಡೆಯ ಮೇಲೆ ಆ ಹನ್ನೊಂದು ಸಾಲು ಹಾಗೇ ಇವೆ. ಇನ್ನಾದರೂ ತೆಗೆಯಬಹುದಲ್ಲ ಎಂದರೆ ಅಕ್ಕ ಬೇಡವೆಂದು ತಲೆ ಆಡಿಸುತ್ತಾರೆ. ಹಳೆಯ ತಂತ್ರಾಂಶ ಇನ್ನೂ ನೂರ ನಲವತ್ತು ಕಡೆ ಇದೆಯಂತೆ. ದಿನಕ್ಕೆ ಎರಡು ಕಡೆಗೆ ಫೋನ್ ಮಾಡುವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.

ನಿಮ್ಮ ಆಸೆ ಏನು ಎಂಬ ಪ್ರಶ್ನೆಯನ್ನು ನಮ್ಮಂಥ ಲೇಖಕರು ಕೊನೆಯಲ್ಲಿ ಕೇಳಲೇಬೇಕು. ಕೇಳುತ್ತೇನೆ. "ಅಯ್ಯೋ, ಆಸೆ ಏನಪ್ಪ" ಎಂದು ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. "ನಾನು ಬಿಟ್ಟ ಖಾಲಿ ಜಾಗಗಳನ್ನ ನಾನೇ ತುಂಬಿಸಿ ಹೋಗಬೇಕು. ಇನ್ನೊಬ್ಬರ ತಲೆಗೆ ಬರಬಾರದು. ಅಷ್ಟಾದ್ರೆ ಸಾಕು."

ಹಾಳೆ ಪ್ರಿಂಟರಿನಲ್ಲಿ ಕಾದಿದೆ. ಶನಿವಾರ ಸಂಜೆಯೇ ಅಕ್ಕ ಅಜ್ಜನ ಅನುಮತಿ ಕೇಳಿ, ಆ ಹನ್ನೊಂದು ಸೆಕೆಂಡಿನ ವಿಳಾಸವನ್ನು ರಾತ್ರಿಯ ಪರೀಕ್ಷೆಯ ಪಟ್ಟಿಗೆ ಸೇರಿಸಿದ್ದಾರೆ. ಎಲ್ಲಕ್ಕಿಂತ ಕೊನೆಯಲ್ಲಿ. ಇನ್ನು ಮೇಲೆ ಪ್ರತಿ ರಾತ್ರಿ ಯಂತ್ರ ಲಕ್ಷಾಂತರ ವಿಳಾಸಗಳನ್ನು ಓದಿ ಓದಿ, ಬೆಳಗಿನ ಜಾವ ಐದಕ್ಕೆ ಕೊನೆಯದಾಗಿ ಓದುವುದು ಅದನ್ನೇ. ಅಕ್ಕ ಹಾಳೆ ಎತ್ತಿಕೊಳ್ಳುತ್ತಾರೆ. ಗಂಡ ಕೊಟ್ಟ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಯಂತ್ರ ಕೊನೆಯದಾಗಿ ಓದಿದ್ದನ್ನು ಅಚ್ಚು ಹಾಕುವ ಕೆಳಗಿನ ಸಾಲಿನವರೆಗೆ ಬೆರಳು ಜಾರಿಸುತ್ತಾರೆ. ಅಲ್ಲಿ ಆ ವಿಳಾಸ ಒಂದಕ್ಷರವೂ ಉದುರದೆ ಪೂರ್ತಿ ಇದೆ.

"ಎಷ್ಟಾಯ್ತು" ಎಂದು ಮೆಲ್ಲಗೆ ಓದುತ್ತಾರೆ. ಆಮೇಲೆ ಹಾಳೆಯ ತುದಿಯಲ್ಲಿ ಅಚ್ಚಾದ ಸಂಖ್ಯೆಯನ್ನು ನೋಡಿ, ಪಕ್ಕದಲ್ಲಿ ಅಜ್ಜನ ಹೆಂಡತಿಯೇ ಕಾದು ಕೂತಿದ್ದಾರೇನೋ ಎಂಬಂತೆ ಉತ್ತರವನ್ನೂ ಹೇಳುತ್ತಾರೆ: "ನಲವತ್ತೊಂದು ಲಕ್ಷದ ಆರು ಸಾವಿರದ ಒಂದು, ಅಮ್ಮ."